ಸೋತವರ ಬೆನ್ನಿಗೆ ನಿಂತ ಅಡ್ಮಿರಲ್

1941ರ ಡಿಸೆಂಬರ್ 19ರಂದು ವಾಷಿಂಗ್ಟನ್‌ನಿಂದ ಪಶ್ಚಿಮಕ್ಕೆ ಹೊರಟ ರೈಲಿನಲ್ಲಿ ‘ಮಿಸ್ಟರ್ ಫ್ರೀಮನ್’ ಎಂಬ ಪ್ರಯಾಣಿಕರೊಬ್ಬರಿದ್ದರು. ವಯಸ್ಸು ಐವತ್ತಾರು, ನರೆತ ತಲೆ, ಮೆಲುಮಾತು. ನಾಗರಿಕ ಉಡುಪಿನಲ್ಲಿದ್ದ ಅವರನ್ನು ಯಾರೂ ಗುರುತಿಸಲಿಲ್ಲ. ದಾರಿಯುದ್ದಕ್ಕೂ ಅವರು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದುದು ಮುಳುಗಿದ, ಮಗುಚಿದ, ಸುಟ್ಟು ಕರಕಲಾದ ಹಡಗುಗಳ ಛಾಯಾಚಿತ್ರಗಳನ್ನು. ಫ್ರೀಮನ್ ಎಂಬುದು ಅವರ ಪತ್ನಿಯ ತವರಿನ ಹೆಸರು. ಅವರ ನಿಜವಾದ ಹೆಸರು ಚೆಸ್ಟರ್ ವಿಲಿಯಂ ನಿಮಿಟ್ಜ್. ಅಮೆರಿಕದ ಪೆಸಿಫಿಕ್ ನೌಕಾಬಲದ ಮುಖ್ಯಸ್ಥರಾಗಿ ಆಗಷ್ಟೇ ನೇಮಕಗೊಂಡಿದ್ದ ಅಡ್ಮಿರಲ್.

ಈ ಹುದ್ದೆಯನ್ನು ಆಗ ಯಾರೂ ಬಯಸುವಂತಿರಲಿಲ್ಲ. ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಎರಗಿದ್ದವು. ಎರಡು ಗಂಟೆಗಳ ಒಳಗೆ ಎಲ್ಲ ಮುಗಿದಿತ್ತು. ಬಂದರಿನಲ್ಲಿದ್ದ ಎಂಟು ದೊಡ್ಡ ಸಮರನೌಕೆಗಳಲ್ಲಿ ಒಂದೂ ಪೆಟ್ಟು ತಿನ್ನದೆ ಉಳಿದಿರಲಿಲ್ಲ, ನಾಲ್ಕು ಮುಳುಗಿದ್ದವು. ಸತ್ತ ಅಮೆರಿಕನ್ನರು 2,403 ಮಂದಿ. ನೌಕಾಬಲದ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಕಿಮ್ಮೆಲ್ ಅವರನ್ನು ಸರ್ಕಾರ ಹುದ್ದೆಯಿಂದ ಇಳಿಸಿತು. ಅವರ ಜಾಗಕ್ಕೆ ನಿಮಿಟ್ಜ್ ಅವರನ್ನು ಹೆಸರಿಸಿದಾಗ, ಪೆಸಿಫಿಕ್ ನೌಕಾಬಲದ ಮುಖ್ಯಸ್ಥರಾಗಬೇಕೆಂದು ನೀವು ಸದಾ ಬಯಸಿದ್ದಿರಲ್ಲ ಎಂದು ಪತ್ನಿ ನೆನಪಿಸಿದರಂತೆ. ನೌಕಾಬಲವೆಲ್ಲ ಈಗ ಸಮುದ್ರದ ತಳದಲ್ಲಿದೆ ಎಂಬುದು ಅವರು ಕೊಟ್ಟ ಉತ್ತರ.

ಕ್ರಿಸ್‌ಮಸ್ ದಿನದ ಮುಂಜಾನೆ ನಿಮಿಟ್ಜ್ ಸಮುದ್ರ ವಿಮಾನದಲ್ಲಿ ಪರ್ಲ್ ಹಾರ್ಬರ್‌ಗೆ ಬಂದಿಳಿದರು. ನೀರಿನ ಮೇಲೆ ಎಣ್ಣೆ ಕಪ್ಪಗೆ ಹರಡಿತ್ತು. ಎರಡೂವರೆ ವಾರ ಕಳೆದಿದ್ದರೂ ನಾವಿಕರ ಶವಗಳು ಇನ್ನೂ ತೇಲಿ ಬರುತ್ತಿದ್ದವು. ಡಿಸೆಂಬರ್ 31ರಂದು ಅವರು ಅಧಿಕಾರ ವಹಿಸಿಕೊಂಡದ್ದು ‘ಗ್ರೇಲಿಂಗ್’ ಎಂಬ ಜಲಾಂತರ್ಗಾಮಿಯ ಕಿರಿದಾದ ಅಟ್ಟಣಿಗೆಯ ಮೇಲೆ. ಅಷ್ಟು ದೊಡ್ಡ ಹುದ್ದೆಯ ಹಸ್ತಾಂತರಕ್ಕೆ ಸಮರನೌಕೆಯೊಂದರ ವಿಶಾಲವಾದ ಅಂಗಳವೇ ಬೇಕಿತ್ತು. ಆದರೆ ಅಂಥದ್ದು ಉಳಿದಿರಬೇಕಲ್ಲ!

ಕಿಮ್ಮೆಲ್ ಅವರ ಕೈಕೆಳಗಿದ್ದ ಅಧಿಕಾರಿಗಳು ಗಂಟುಮೂಟೆ ಕಟ್ಟಲು ಸಿದ್ಧರಾಗಿದ್ದರು. ಇದು ಅಸಹಜವೇನಲ್ಲ. ನಮ್ಮ ಕಚೇರಿಗಳಲ್ಲೂ ಹೊಸ ಸಾಹೇಬರು ಬಂದೊಡನೆ ಮೊದಲು ಹೊರಬೀಳುವುದು ವರ್ಗಾವಣೆ ಪಟ್ಟಿ. ಅದರಲ್ಲೂ ಇವರು ದೇಶದ ಮಹಾ ಅವಮಾನಕ್ಕೆ ಹೊಣೆಗಾರರೆಂಬ ಕಳಂಕ ಹೊತ್ತವರು. ಯುದ್ಧದ ನಡುವೆ ದೂರದ ಯಾವುದೋ ಮೂಲೆಗೆ ಎಸೆಯುತ್ತಾರೆಂದೇ ಅವರೆಲ್ಲ ನಂಬಿದ್ದರು. ನಿಮಿಟ್ಜ್ ಅವರನ್ನೆಲ್ಲ ಒಟ್ಟಿಗೆ ಕರೆಸಿದರು. ನಿಮ್ಮಲ್ಲಿ ಯಾರ ಮೇಲೂ ನನಗೆ ಅವಿಶ್ವಾಸವಿಲ್ಲ, ಹೋಗಲೇಬೇಕೆನ್ನುವವರು ಬಂದು ಮಾತಾಡಿ, ಆದರೆ ಕೆಲವರನ್ನಂತೂ ನಾನು ಬಿಡುವವನಲ್ಲ ಎಂಬ ಅರ್ಥದ ನಾಲ್ಕು ಮಾತು ಹೇಳಿದರು. ಸಭೆ ಮುಗಿದದ್ದು ನಿಮಿಷಗಳಲ್ಲಿ. ಆದರೆ ಕುಸಿದು ಕುಳಿತಿದ್ದ ಒಂದು ಕಚೇರಿ ಆ ಹೊತ್ತಿನಿಂದ ಎದ್ದು ನಿಂತಿತೆಂದು ಅಲ್ಲಿದ್ದವರು ಮುಂದೆ ನೆನೆದರು.

ಇದರ ಹಿಂದೆ ಬರೀ ಔದಾರ್ಯವಿರಲಿಲ್ಲ, ಲೆಕ್ಕಾಚಾರವೂ ಇತ್ತು. ಪರ್ಲ್ ಹಾರ್ಬರ್‌ಗೆ ಬರುವ ಮುನ್ನ ನಿಮಿಟ್ಜ್ ನೌಕಾಪಡೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದರು. ಈ ಅಧಿಕಾರಿಗಳಲ್ಲಿ ಯಾರು ಎಂಥವರೆಂಬುದು ಅವರಿಗೆ ತಿಳಿದಿತ್ತು. ಅಲ್ಲದೆ ಹಡಗುಗಳ ಚಿತ್ರ ನೋಡುತ್ತ ಬಂದಿದ್ದ ಅವರು ಚಿತ್ರದಲ್ಲಿ ಇಲ್ಲದ್ದನ್ನೂ ಗಮನಿಸಿದ್ದರು. ಜಪಾನೀಯರು ಇಂಧನ ತೈಲದ ಟ್ಯಾಂಕ್‌ಗಳನ್ನು ಮುಟ್ಟಿರಲಿಲ್ಲ. ಸುಮಾರು 45 ಲಕ್ಷ ಬ್ಯಾರೆಲ್ ತೈಲ ಹಾಗೆಯೇ ಉಳಿದಿತ್ತು. ದುರಸ್ತಿ ಕಾರ್ಯಾಗಾರಗಳು, ಜಲಾಂತರ್ಗಾಮಿ ನೆಲೆ ಸುರಕ್ಷಿತವಾಗಿದ್ದವು. ವಿಮಾನವಾಹಕ ನೌಕೆಗಳು ಆ ದಿನ ಬಂದರಿನಲ್ಲಿರಲೇ ಇಲ್ಲ. ಕಿಮ್ಮೆಲ್ ಅವರಿಗೆ ಮೊದಲೇ ಸುಳಿವು ಸಿಕ್ಕು ಹಡಗುಗಳನ್ನು ಹೊರಸಮುದ್ರಕ್ಕೆ ಒಯ್ದಿದ್ದರೆ ಅವು ಆಳದ ನೀರಿನಲ್ಲಿ ಮುಳುಗಿ, ಮೇಲೆತ್ತಲೂ ಆಗದೆ, ಇನ್ನೂ ಸಾವಿರಾರು ಜನ ಸಾಯುತ್ತಿದ್ದರೆಂದು ನಿಮಿಟ್ಜ್ ಹಲವು ಸಲ ಹೇಳಿದ್ದುಂಟು. ಪದಚ್ಯುತ ಕಿಮ್ಮೆಲ್ ಅವರನ್ನು ಕಂಡಾಗಲೂ, ಇದು ಯಾರಿಗೆ ಬೇಕಾದರೂ ಆಗಬಹುದಿತ್ತು ಎಂದೇ ಸಮಾಧಾನ ಹೇಳಿದರಂತೆ.

ತಪ್ಪಿತಸ್ಥನ ಜಾಗದಲ್ಲಿ ನಿಲ್ಲುವುದೆಂದರೇನೆಂದು ನಿಮಿಟ್ಜ್ ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. 1908ರ ಜುಲೈ 7ರ ರಾತ್ರಿ, ಫಿಲಿಪ್ಪೀನ್ಸ್‌ನ ಬಟಂಗಾಸ್ ಬಂದರಿನಲ್ಲಿ, 23 ವರ್ಷದ ನಿಮಿಟ್ಜ್ ನಡೆಸುತ್ತಿದ್ದ ‘ಡೆಕೇಟರ್’ ಎಂಬ ಡೆಸ್ಟ್ರಾಯರ್ ಕೆಸರಿನ ದಿಬ್ಬ ಏರಿ ಕುಳಿತುಬಿಟ್ಟಿತ್ತು. ಅವರು ಉಬ್ಬರವಿಳಿತದ ಪಟ್ಟಿಯನ್ನು ನೋಡಿರಲಿಲ್ಲ. ಎಷ್ಟು ಹೆಣಗಿದರೂ ಹಡಗು ಅಲ್ಲಾಡಲಿಲ್ಲ. ಕೈಯಲ್ಲಾಗದ್ದಕ್ಕೆ ಚಿಂತಿಸಿ ಫಲವಿಲ್ಲವೆಂಬ ಹಿರಿಯರ ಮಾತು ನೆನೆದು, ಅಟ್ಟಣಿಗೆಯ ಮೇಲೆ ಮಂಚ ಹಾಕಿಸಿ ಮಲಗಿಬಿಟ್ಟರು! ಬೆಳಿಗ್ಗೆ ಸಣ್ಣ ಸ್ಟೀಮರ್ ಒಂದು ಬಂದು ಎಳೆದು ಬಿಡಿಸಿತು. ತಾವೇ ವರದಿ ಮಾಡಿದರು, ಕೋರ್ಟ್ ಮಾರ್ಷಲ್ ಎದುರಿಸಿದರು, ಛೀಮಾರಿ ಹಾಕಿಸಿಕೊಂಡರು. ಹಡಗನ್ನು ನೆಲಕ್ಕೆ ಹತ್ತಿಸಿದ ಅಧಿಕಾರಿಯ ಭವಿಷ್ಯ ಅಲ್ಲಿಗೆ ಮುಗಿಯಿತೆಂಬುದು ಎಲ್ಲ ನೌಕಾಪಡೆಗಳಲ್ಲೂ ಇರುವ ಮಾತು. ಆದರೆ ಮೇಲಿನವರು ಈ ತರುಣನನ್ನು ಬಿಟ್ಟುಕೊಡಲಿಲ್ಲ. 1910ರಲ್ಲಿ ಅವರಿಗೆ ಬಡ್ತಿಯೂ ಸಿಕ್ಕಿತು.

ಟೆಕ್ಸಾಸ್ ಪ್ರಾಂತ್ಯದ ಫ್ರೆಡರಿಕ್ಸ್‌ಬರ್ಗ್ ಎಂಬ ಊರಲ್ಲಿ, ಜರ್ಮನ್ ಮೂಲದ ಕುಟುಂಬದಲ್ಲಿ 1885ರ ಫೆಬ್ರುವರಿ 24ರಂದು ಹುಟ್ಟಿದ ನಿಮಿಟ್ಜ್ ತಂದೆಯ ಮುಖ ಕಾಣಲಿಲ್ಲ. ಮಗ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಹಡಗಿನ ಆಕಾರದ ಹೋಟೆಲೊಂದನ್ನು ನಡೆಸುತ್ತಿದ್ದ, ಒಂದು ಕಾಲದಲ್ಲಿ ನಾವಿಕನಾಗಿದ್ದ ಅಜ್ಜನೇ ಹುಡುಗನಿಗೆ ಆಸರೆ. ಸ್ವಾರಸ್ಯವೆಂದರೆ ಹುಡುಗ ಸೇರಲು ಹೊರಟದ್ದು ಭೂಸೇನೆಗೆ. ಅಲ್ಲಿನ ಅಕಾಡೆಮಿಯಲ್ಲಿ ಸ್ಥಾನ ಖಾಲಿ ಇಲ್ಲದ್ದರಿಂದ ನೌಕಾ ಅಕಾಡೆಮಿಗೆ ಹೋದರು. 1905ರಲ್ಲಿ 114 ಮಂದಿಯ ತರಗತಿಯಲ್ಲಿ ಏಳನೆಯವರಾಗಿ ಹೊರಬಂದರು.

ಪರ್ಲ್ ಹಾರ್ಬರ್‌ನಲ್ಲಿ ಉಳಿಸಿಕೊಂಡವರಲ್ಲಿ ಒಬ್ಬರು ಗುಪ್ತಚರ ಅಧಿಕಾರಿ ಎಡ್ವಿನ್ ಲೇಟನ್. ದಾಳಿಯ ಮುನ್ಸೂಚನೆ ಕೊಡಲಾಗದೆ ಹೋದ ವಿಭಾಗ ಅವರದೇ. ನನ್ನನ್ನು ಯಾವುದಾದರೂ ಹಡಗಿಗೆ ಕಳುಹಿಸಿ ಎಂದು ಅವರು ಕೇಳಿಕೊಂಡರು. ನಿಮಿಟ್ಜ್ ಬಿಡಲಿಲ್ಲ, ನೀವು ಇಲ್ಲಿಯೇ ಕುಳಿತು ಜಪಾನಿನ ಅಡ್ಮಿರಲ್‌ನಂತೆ ಯೋಚಿಸಿ, ಅವನು ಮುಂದೇನು ಮಾಡುತ್ತಾನೆಂದು ನನಗೆ ಹೇಳಿ ಎಂದರು. ಈ ಒಂದು ನಿರ್ಧಾರದ ಬೆಲೆ ಐದೇ ತಿಂಗಳಲ್ಲಿ ಗೊತ್ತಾಯಿತು.

ಆಡಳಿತ ಕಟ್ಟಡದ ನೆಲಮಾಳಿಗೆಯೊಂದರಲ್ಲಿ ಜೋಸೆಫ್ ರೋಶ್‌ಫೋರ್ಟ್ ಎಂಬ ಅಧಿಕಾರಿ ಜಪಾನಿನ ಗೂಢಲಿಪಿಯನ್ನು ಒಡೆಯಲು ಹಗಲಿರುಳು ಕುಳಿತಿದ್ದರು. ಚಳಿಗೆ ಸಮವಸ್ತ್ರದ ಮೇಲೊಂದು ಮನೆಯ ಕೋಟು, ಕಾಲಿಗೆ ಚಪ್ಪಲಿ! ಶಿಸ್ತಿನ ಸಿಪಾಯಿಗಳಿಗೆ ಹಿಡಿಸದ ವೇಷ. ಜಪಾನೀಯರ ಸಂದೇಶಗಳಲ್ಲಿ ‘ಎಎಫ್’ ಎಂಬ ಜಾಗದ ಮೇಲೆ ದೊಡ್ಡ ದಾಳಿ ನಡೆಯಲಿದೆಯೆಂಬ ಸೂಚನೆ ಕಂಡಿತ್ತು. ಎಎಫ್ ಎಂದರೆ ಪೆಸಿಫಿಕ್ ನಡುವಿನ ಪುಟ್ಟ ಮಿಡ್‌ವೇ ದ್ವೀಪವೆಂದು ರೋಶ್‌ಫೋರ್ಟ್ ಮತ್ತು ಲೇಟನ್ ಹೇಳಿದರು. ವಾಷಿಂಗ್ಟನ್‌ನಲ್ಲಿದ್ದ ತಜ್ಞರು ಒಪ್ಪಲಿಲ್ಲ. ಆಗ ಪರ್ಲ್ ಹಾರ್ಬರ್‌ನವರು ಒಂದು ಉಪಾಯ ಹೂಡಿದರು. ಮಿಡ್‌ವೇಯಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆಯೆಂದು ಅಲ್ಲಿಂದ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ರೇಡಿಯೋ ಸಂದೇಶ ಕಳುಹಿಸಲು ಸಮುದ್ರದಡಿಯ ತಂತಿಯ ಮೂಲಕ ಗುಟ್ಟಾಗಿ ತಿಳಿಸಿದರು. ಸ್ವಲ್ಪದರಲ್ಲೇ ಜಪಾನಿನ ಸಂದೇಶವೊಂದು ಸಿಕ್ಕಿತು: ಎಎಫ್‌ನಲ್ಲಿ ನೀರಿನ ಅಭಾವವಿದೆ!

ಸ್ಥಳ ಖಚಿತವಾದರೂ ಎಲ್ಲ ಅನುಮಾನ ಹೋಗಿರಲಿಲ್ಲ. ಇಡೀ ರೇಡಿಯೋ ಸಂಭಾಷಣೆಯೇ ಜಪಾನೀಯರ ಮೋಸವಾಗಿದ್ದರೆ? ನಿಮಿಟ್ಜ್ ಕೈಯಲ್ಲಿದ್ದುದು ಮೂರೇ ವಿಮಾನವಾಹಕ ನೌಕೆ. ಅವನ್ನೆಲ್ಲ ಮಿಡ್‌ವೇಗೆ ಕಳುಹಿಸಿ, ಶತ್ರು ಹವಾಯಿಗೇ ಬಂದುಬಿಟ್ಟರೆ ಕಿಮ್ಮೆಲ್ ಅವರ ಗತಿಯೇ ಇವರದು. ದೇಶದ ಗತಿ ಅದಕ್ಕಿಂತ ಕೆಟ್ಟದ್ದು. ಆರು ತಿಂಗಳ ಹಿಂದೆ ಎಡವಿದ್ದ ಅಧಿಕಾರಿಯ ಮಾತನ್ನು ನೆಚ್ಚಿ ಅವರು ಎಲ್ಲವನ್ನೂ ಪಣಕ್ಕಿಟ್ಟರು. ಊಹೆ ಬೇಡ, ಖಚಿತವಾಗಿ ಹೇಳಿ ಎಂದು ಪಟ್ಟು ಹಿಡಿದಾಗ ಲೇಟನ್, ಜೂನ್ 4ರ ಬೆಳಿಗ್ಗೆ ಆರು ಗಂಟೆಗೆ, ವಾಯವ್ಯ ದಿಕ್ಕಿನಲ್ಲಿ, ಮಿಡ್‌ವೇಯಿಂದ 175 ಮೈಲಿ ದೂರದಲ್ಲಿ ಜಪಾನೀಯರು ಕಾಣಿಸುತ್ತಾರೆಂದರು. ಆ ದಿನ ಶತ್ರುಗಳು ಕಂಡ ಸುದ್ದಿ ಬಂದಾಗ ನಿಮಿಟ್ಜ್ ನಕ್ಕು, ನಿಮ್ಮ ಲೆಕ್ಕ ತಪ್ಪಿದ್ದು ಐದು ನಿಮಿಷ, ಐದು ಡಿಗ್ರಿ, ಐದು ಮೈಲಿ ಮಾತ್ರ ಎಂದರು.

ಮೂರರಲ್ಲಿ ಒಂದಾದ ‘ಯಾರ್ಕ್‌ಟೌನ್’ ಹಿಂದಿನ ಕಾಳಗದಲ್ಲಿ ಬಾಂಬು ತಿಂದು ಮೇ 27ರಂದು ಕುಂಟುತ್ತ ಬಂದಿತ್ತು. ದುರಸ್ತಿಗೆ 90 ದಿನ ಬೇಕೆಂಬ ಅಂದಾಜು. ಡ್ರೈ ಡಾಕ್‌ನ ನೀರು ಪೂರ್ತಿ ಇಳಿಯುವ ಮೊದಲೇ ರಬ್ಬರ್ ಬೂಟು ತೊಟ್ಟು ಹಡಗಿನ ಅಡಿಗೆ ಇಳಿದ ನಿಮಿಟ್ಜ್, ಮೂರು ದಿನದಲ್ಲಿ ಹಡಗು ಬೇಕು ಎಂದರು. ಸುಮಾರು 1,400 ಕೆಲಸಗಾರರು ರಾತ್ರಿ ಹಗಲೆನ್ನದೆ ದುಡಿದರು. ಮೇ 30ರಂದು ‘ಯಾರ್ಕ್‌ಟೌನ್’ ಹೊರಟಿತು. ಅಷ್ಟರಲ್ಲಿ ಇನ್ನೊಂದು ಆಘಾತ: ನೌಕಾಬಲದ ಅತ್ಯಂತ ಉತ್ಸಾಹಿ ಸೇನಾನಿ ವಿಲಿಯಂ ಹಾಲ್ಸಿ ಚರ್ಮರೋಗದಿಂದ ಆಸ್ಪತ್ರೆ ಸೇರಿದರು. ಅವರು ಸೂಚಿಸಿದ ರೇಮಂಡ್ ಸ್ಪ್ರೂಯನ್ಸ್ ಅವರಿಗೆ ವಿಮಾನಯಾನದ ಅನುಭವವೇ ಇರಲಿಲ್ಲ. ನಿಮಿಟ್ಜ್ ಒಪ್ಪಿದರು. ಶತ್ರುವಿಗೆ ಹೆಚ್ಚಿನ ಹಾನಿ ಮಾಡುವ ಭರವಸೆಯಿಲ್ಲದೆ ನಮ್ಮ ಪಡೆಯನ್ನು ಅಪಾಯಕ್ಕೊಡ್ಡಬೇಡಿ ಎಂಬ ಒಂದು ಸೂತ್ರ ಕೊಟ್ಟು ಕಳುಹಿಸಿದರು. ಆ ಮೇಲೆ ರಣರಂಗದಲ್ಲಿದ್ದವರ ಕೈ ಹಿಡಿಯಲು ಹೋಗಲಿಲ್ಲ.

ಜೂನ್ 4ರಂದು ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳಾದ ಅಕಾಗಿ, ಕಾಗಾ, ಸೊರ್ಯು, ಹಿರ್ಯು ಬೆಂಕಿಗೆ ಆಹುತಿಯಾದವು. ನಾಲ್ಕೂ ಪರ್ಲ್ ಹಾರ್ಬರ್ ದಾಳಿಯಲ್ಲಿದ್ದವು. ಅಮೆರಿಕ ಕಳೆದುಕೊಂಡದ್ದು ‘ಯಾರ್ಕ್‌ಟೌನ್’ ಮತ್ತು ಒಂದು ಡೆಸ್ಟ್ರಾಯರ್. ಪೆಸಿಫಿಕ್ ಯುದ್ಧದ ದಿಕ್ಕು ಬದಲಾದದ್ದು ಇಲ್ಲಿಯೇ. ರೋಶ್‌ಫೋರ್ಟ್ ಅವರಿಗೆ ಪದಕ ಕೊಡಬೇಕೆಂದು ನಿಮಿಟ್ಜ್ ಶಿಫಾರಸು ಮಾಡಿದರು. ತಮ್ಮ ಅಂದಾಜು ಸುಳ್ಳಾದ ಸಿಟ್ಟಿನಲ್ಲಿದ್ದ ವಾಷಿಂಗ್ಟನ್ ಅಧಿಕಾರಿಗಳು ಪದಕ ನಿರಾಕರಿಸಿದ್ದಲ್ಲದೆ, ಅವರನ್ನು ನೆಲಮಾಳಿಗೆಯಿಂದಲೇ ಎತ್ತಿಹಾಕಿದರು. ಗೌರವ ಸಂದದ್ದು 1986ರಲ್ಲಿ, ರೋಶ್‌ಫೋರ್ಟ್ ತೀರಿಕೊಂಡು ಹತ್ತು ವರ್ಷದ ಮೇಲೆ. ನಿಮಿಟ್ಜ್ ಅವರ ಮಾತಿಗೂ ಮಿತಿಯಿತ್ತು.

ಯುದ್ಧಕಾಲದ ಅವರ ದಿನಚರಿ ನೋಡಿದವರಿಗೆ ಅಚ್ಚರಿಯಾಗುತ್ತಿತ್ತು. ಕಚೇರಿಯ ಹೊರಗೆ ಪಿಸ್ತೂಲಿನ ಗುರಿ ಅಭ್ಯಾಸ, ಗೂಟಕ್ಕೆ ಕುದುರೆ ಲಾಳ ಎಸೆಯುವ ಆಟ, ದೀರ್ಘ ನಡಿಗೆ. ಮನಸ್ಸು ಕದಡಿದ್ದರೆ ಗುರಿ ತಪ್ಪುತ್ತದೆ; ಹಾಗಾಗಿ ಪಿಸ್ತೂಲು ಅವರಿಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಸಾಧನ. ಬಂದರಿಗೆ ಬಂದ ಹಡಗುಗಳ ಕ್ಯಾಪ್ಟನ್‌ಗಳು, ಎಷ್ಟೇ ಕಿರಿಯರಿರಲಿ, ಬೆಳಿಗ್ಗೆ ಬಂದು ಅವರನ್ನು ಕಾಣಬೇಕಿತ್ತು. ಅಲ್ಲಿ ಅವರು ಹೇಳುವುದಕ್ಕಿಂತ ಕೇಳುತ್ತಿದ್ದುದೇ ಹೆಚ್ಚು.

ಹಾಗೆಂದು ಯಾರನ್ನೂ ಹುದ್ದೆಯಿಂದ ಕದಲಿಸದ ಮೆದು ಮನಸ್ಸಿನವರೆಂದು ಭಾವಿಸಬೇಕಿಲ್ಲ. ಗ್ವಾಡಲ್‌ಕೆನಾಲ್ ದ್ವೀಪದ ಹೋರಾಟ ಹದಗೆಟ್ಟಾಗ ಸ್ವತಃ ಹೋಗಿ ನೋಡಿದರು. ಅಲ್ಲಿನ ಮುಖ್ಯಸ್ಥ ಗಾರ್ಮ್ಲಿ ಅವರ ಹಳೆಯ ಗೆಳೆಯ. ಗೆಳೆಯ ಬಸವಳಿದಿದ್ದಾನೆ, ಹತಾಶೆ ಕೈಕೆಳಗಿನವರಿಗೂ ಹರಡುತ್ತಿದೆ ಎಂದು ಮನವರಿಕೆಯಾದ ಮೇಲೆ 1942ರ ಅಕ್ಟೋಬರ್ 18ರಂದು ಅವರನ್ನು ಇಳಿಸಿ ಹಾಲ್ಸಿ ಅವರನ್ನು ಕೂರಿಸಿದರು. ಸೋತವನನ್ನು ಉಳಿಸಿಕೊಳ್ಳುವುದು ಬೇರೆ, ಸೋಲನ್ನು ಒಪ್ಪಿಕೊಂಡವನನ್ನು ಉಳಿಸಿಕೊಳ್ಳುವುದು ಬೇರೆ.

ಅವರ ಸ್ವಂತ ತೀರ್ಮಾನಗಳೂ ಎಲ್ಲ ಸರಿಯಾಗಲಿಲ್ಲ. 1943ರ ನವೆಂಬರ್‌ನಲ್ಲಿ ತರಾವಾ ಎಂಬ ಅಂಗೈಯಗಲದ ದ್ವೀಪ ಗೆಲ್ಲಲು ನಾಲ್ಕು ದಿನಗಳೊಳಗೆ ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ನನ್ನ ಮಗನನ್ನು ಕೊಂದವನು ನೀನೇ ಎಂದು ತಾಯಂದಿರು ಬರೆದ ಪತ್ರಗಳು ಅಡ್ಮಿರಲ್ ಮೇಜಿಗೆ ಬಂದವು. ಅಲ್ಲಿನ ಜಪಾನಿ ಕೋಟೆಕೊತ್ತಲಗಳ ಮಾದರಿಗಳನ್ನು ಹವಾಯಿಯಲ್ಲಿ ಕಟ್ಟಿ, ಯಾವ ಗುಂಡಿಗೆ ಅವು ಒಡೆಯುತ್ತವೆಂದು ಪರೀಕ್ಷಿಸಿ ಮುಂದಿನ ದಾಳಿಗಳನ್ನು ತಿದ್ದಿಕೊಂಡದ್ದು ನಿಜ. ಆದರೆ 1944ರ ಸೆಪ್ಟೆಂಬರ್‌ನಲ್ಲಿ ಪೆಲಿಲಿಯು ದ್ವೀಪದ ದಾಳಿ ಅನಗತ್ಯ, ಕೈಬಿಡಿ ಎಂದು ಹಾಲ್ಸಿ ಸಲಹೆ ಮಾಡಿದಾಗ ನಿಮಿಟ್ಜ್ ಕೇಳಲಿಲ್ಲ. ಹಡಗುಗಳು ಆಗಲೇ ಹೊರಟಿದ್ದವು. ಸುಮಾರು 1,800 ಅಮೆರಿಕನ್ನರು ಅಲ್ಲಿ ಮಡಿದರು. ಅಷ್ಟು ಬೆಲೆ ತೆತ್ತು ಪಡೆದ ದ್ವೀಪದಿಂದ ಯುದ್ಧಕ್ಕೆ ಆದ ಲಾಭ ಅತ್ಯಲ್ಪವೆಂದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಕೈಕೆಳಗಿನವರ ಮಾತು ಕೇಳುವ ಗುಣ ಕೈಕೊಟ್ಟ ಪ್ರಸಂಗವಿದು.

ಇನ್ನು ಹಾಲ್ಸಿ ಅವರ ವಿಷಯ. 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸ್ ಬಳಿಯ ಲೇಟೆ ಕೊಲ್ಲಿಯ ಕಾಳಗದಲ್ಲಿ ಶತ್ರುವಿನ ಗಾಳಕ್ಕೆ ಸಿಕ್ಕಿ ಹಾಲ್ಸಿ ತಮ್ಮ ಬಲವಾದ ಪಡೆಯನ್ನೆಲ್ಲ ಉತ್ತರಕ್ಕೆ ಒಯ್ದರು. ಹಿಂದೆ ಉಳಿದ ಸಣ್ಣ ಹಡಗುಗಳು ಜಪಾನಿನ ದೈತ್ಯ ನೌಕೆಗಳೆದುರು ಪ್ರಾಣ ಪಣಕ್ಕಿಟ್ಟು ಕಾದಬೇಕಾಯಿತು. ಎರಡೇ ತಿಂಗಳಲ್ಲಿ, ಡಿಸೆಂಬರ್ 18ರಂದು, ಅದೇ ಹಾಲ್ಸಿ ತಮ್ಮ ಪಡೆಯನ್ನು ಚಂಡಮಾರುತದ ಬಾಯಿಗೆ ಒಯ್ದರು. ಮೂರು ಡೆಸ್ಟ್ರಾಯರ್‌ಗಳು ಮುಳುಗಿ ಸುಮಾರು 790 ಮಂದಿ ನೀರುಪಾಲಾದರು. ನಿಮಿಟ್ಜ್ ಹವಾಮಾನದ ಎಚ್ಚರಿಕೆಯ ಬಗ್ಗೆ ಇಡೀ ನೌಕಾಬಲಕ್ಕೆ ಖಾರವಾದ ಪತ್ರ ಬರೆದರು. ಹಾಲ್ಸಿ ಅವರನ್ನು ಮಾತ್ರ ಉಳಿಸಿಕೊಂಡರು. ಲೇಟೆ ಕಾಳಗದ ವರದಿಯಲ್ಲಿ ಹಾಲ್ಸಿ ವಿರುದ್ಧ ಕಟುವಾಗಿ ಬರೆದಿದ್ದ ಅಧಿಕಾರಿಗೆ ಮಾತನ್ನು ತಗ್ಗಿಸಲು ಹೇಳಿದರು. 1945ರ ಜೂನ್‌ನಲ್ಲಿ ಹಾಲ್ಸಿ ಪಡೆ ಮತ್ತೊಂದು ಚಂಡಮಾರುತಕ್ಕೆ ಸಿಕ್ಕಿತು! ಮುಳುಗುತ್ತಿದ್ದ ದಿನಗಳಲ್ಲಿ ದೇಶಕ್ಕೆ ಧೈರ್ಯ ತುಂಬಿದವರು ಹಾಲ್ಸಿ ಎಂಬ ಕೃತಜ್ಞತೆ ನಿಮಿಟ್ಜ್ ಅವರಲ್ಲಿತ್ತು. ಆದರೆ ಆ ಕೃತಜ್ಞತೆಯ ಬೆಲೆ ತೆತ್ತವರು ಕೆಳಗಿನ ನಾವಿಕರು ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ.

ಕ್ಯಾಪ್ಟನ್ ಚಾರ್ಲ್ಸ್ ಮ್ಯಾಕ್‌ವೇ ಅವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರ ‘ಇಂಡಿಯನಾಪೊಲಿಸ್’ ಹಡಗು ಪರಮಾಣು ಬಾಂಬಿನ ಭಾಗಗಳನ್ನು ಟಿನಿಯನ್ ದ್ವೀಪಕ್ಕೆ ತಲುಪಿಸಿ, ಮುಂದೆ ಹೋಗುತ್ತಿದ್ದಾಗ 1945ರ ಜುಲೈ 30ರ ನಡುರಾತ್ರಿ ಜಪಾನಿನ ಜಲಾಂತರ್ಗಾಮಿಗೆ ಬಲಿಯಾಯಿತು. ಹಡಗು ಬಂದಿಲ್ಲವೆಂಬುದನ್ನು ಯಾರೂ ಗಮನಿಸಲಿಲ್ಲ. ನಾವಿಕರು ನಾಲ್ಕು ದಿನ ಸಮುದ್ರದಲ್ಲಿ ತೇಲುತ್ತ, ಬಾಯಾರಿಕೆಗೆ, ಶಾರ್ಕ್ ಮೀನುಗಳಿಗೆ ಬಲಿಯಾದರು. ಸುಮಾರು 1,195 ಮಂದಿಯಲ್ಲಿ ಬದುಕಿದವರು 316. ಮ್ಯಾಕ್‌ವೇ ಅವರಿಗೆ ಛೀಮಾರಿ ಸಾಕೆಂಬುದು ನಿಮಿಟ್ಜ್ ಸಲಹೆ. ವಾಷಿಂಗ್ಟನ್ ಕೇಳದೆ ಕೋರ್ಟ್ ಮಾರ್ಷಲ್ ನಡೆಸಿತು. ಹಡಗನ್ನು ಅಂಕುಡೊಂಕಾಗಿ ನಡೆಸಲಿಲ್ಲವೆಂಬುದು ಆರೋಪ. ಹಡಗು ಮುಳುಗಿಸಿದ ಜಪಾನಿ ಕಮಾಂಡರ್ ಹಶಿಮೊಟೊ ಅವರನ್ನೇ ಸಾಕ್ಷಿಗೆ ಕರೆಸಲಾಯಿತು. ಹೇಗೆ ನಡೆಸಿದ್ದರೂ ನಾನು ಮುಳುಗಿಸುತ್ತಿದ್ದೆ ಎಂದು ಅವರು ನುಡಿದರು. ಆದರೂ ಮ್ಯಾಕ್‌ವೇ ತಪ್ಪಿತಸ್ಥರೆಂದು ತೀರ್ಪಾಯಿತು. ನಿಮಿಟ್ಜ್ ಇಡೀ ನೌಕಾಪಡೆಯ ಮುಖ್ಯಸ್ಥರಾದ ಮೇಲೆ 1946ರಲ್ಲಿ ಶಿಕ್ಷೆ ರದ್ದಾಗಿ ಮ್ಯಾಕ್‌ವೇ ಕರ್ತವ್ಯಕ್ಕೆ ಮರಳಿದರು. ಸತ್ತವರ ಮನೆಯವರ ದ್ವೇಷದ ಪತ್ರಗಳು ಮಾತ್ರ ವರ್ಷಗಟ್ಟಲೆ ಬರುತ್ತಲೇ ಇದ್ದವು. 1968ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅಮೆರಿಕದ ಸಂಸತ್ತು ಅವರು ನಿರ್ದೋಷಿಯೆಂದು ನಿರ್ಣಯಿಸಿದ್ದು 2000ದಲ್ಲಿ.

ಯುದ್ಧ ಮುಗಿದ 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ‘ಮಿಸ್ಸೌರಿ’ ಹಡಗಿನ ಮೇಲೆ ಅಮೆರಿಕದ ಪರವಾಗಿ ಸಹಿ ಹಾಕಿದವರು ನಿಮಿಟ್ಜ್. ಲೇಟನ್ ಅವರನ್ನೂ ಕರೆಸಿಕೊಂಡಿದ್ದರು. ಸೋತ ಶತ್ರುವಿನ ವಿಷಯದಲ್ಲೂ ಅವರ ನಡವಳಿಕೆ ಬೇರೆಯಾಗಿರಲಿಲ್ಲ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಜರ್ಮನಿಯ ಅಡ್ಮಿರಲ್ ಡೋನಿಟ್ಜ್ ಮೇಲೆ, ಎಚ್ಚರಿಕೆ ಕೊಡದೆ ಹಡಗು ಮುಳುಗಿಸಿದ ಆರೋಪವಿತ್ತು. ಅಮೆರಿಕದ ಜಲಾಂತರ್ಗಾಮಿಗಳೂ ಪೆಸಿಫಿಕ್‌ನಲ್ಲಿ ಯುದ್ಧದ ಮೊದಲ ದಿನದಿಂದ ಅದನ್ನೇ ಮಾಡಿದವು ಎಂದು ನಿಮಿಟ್ಜ್ ಲಿಖಿತ ಹೇಳಿಕೆ ಕೊಟ್ಟರು. ಗೆದ್ದವರು ಇಂಥ ಮಾತು ಬರೆದುಕೊಡುವುದು ಅಪರೂಪ. ತರುಣರಾಗಿದ್ದಾಗ 1905ರಲ್ಲಿ ಟೋಕಿಯೋದಲ್ಲಿ ಕಂಡು ಮೆಚ್ಚಿದ್ದ ಜಪಾನಿನ ಅಡ್ಮಿರಲ್ ಟೋಗೋ ಅವರ ‘ಮಿಕಾಸಾ’ ನೌಕೆ ಯುದ್ಧಾನಂತರ ಹಾಳುಬಿದ್ದಿತ್ತು. ಅದರ ಜೀರ್ಣೋದ್ಧಾರಕ್ಕೂ ನೆರವಾದರು. 1961ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು.

ಭಾರತದೊಂದಿಗೂ ಈ ಅಡ್ಮಿರಲ್‌ಗೆ ಒಂದು ನಂಟಿದೆ, ಕಾಗದದ ಮೇಲೆ ಮಾತ್ರ. 1949ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಅವರನ್ನು ಕಾಶ್ಮೀರದ ಜನಮತಗಣನೆಯ ಆಡಳಿತಾಧಿಕಾರಿಯೆಂದು ಹೆಸರಿಸಿತು. ಸೇನೆ ಹಿಂತೆಗೆತದ ಷರತ್ತುಗಳ ಬಗ್ಗೆ ಭಾರತ, ಪಾಕಿಸ್ತಾನಗಳ ನಡುವೆ ಒಮ್ಮತ ಮೂಡಲೇ ಇಲ್ಲ. ಕೆಲಸವಿಲ್ಲದ ಆ ಹುದ್ದೆಯನ್ನು ಅವರು 1953ರಲ್ಲಿ ಬಿಟ್ಟರು. ಅವರ ಹೆಸರು ಹೊತ್ತ ಪರಮಾಣು ಚಾಲಿತ ವಿಮಾನವಾಹಕ ನೌಕೆ ‘ನಿಮಿಟ್ಜ್’ 2007ರಲ್ಲಿ ಚೆನ್ನೈ ಬಳಿ ಲಂಗರು ಹಾಕಿತು. 2017ರ ಮಲಬಾರ್ ಸಮರಾಭ್ಯಾಸದಲ್ಲಿ ನಮ್ಮ ‘ವಿಕ್ರಮಾದಿತ್ಯ’ದ ಜೊತೆ ಸಾಗಿತು.

ನಿಮಿಟ್ಜ್ ಆತ್ಮಕಥೆ ಬರೆಯಲಿಲ್ಲ. 1966ರ ಫೆಬ್ರುವರಿ 20ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಅಲ್ಲಿಗೆ ಹತ್ತಿರದ ಸ್ಯಾನ್ ಬ್ರೂನೋದ ಸೈನಿಕ ಸ್ಮಶಾನದಲ್ಲಿ, ಸಾವಿರಾರು ಸಾಮಾನ್ಯ ಯೋಧರಿಗಿರುವಂಥದೇ ಬಿಳಿ ಕಲ್ಲಿನ ಕೆಳಗೆ ಅವರ ಸಮಾಧಿಯಿದೆ. ಪಕ್ಕದಲ್ಲಿ ಅವರ ಮೂವರು ಸಹೋದ್ಯೋಗಿಗಳಾದ ಸ್ಪ್ರೂಯನ್ಸ್, ಟರ್ನರ್, ಲಾಕ್‌ವುಡ್. ಒಟ್ಟಿಗೇ ಇರಬೇಕೆಂದು ನಾಲ್ವರೂ ಬದುಕಿದ್ದಾಗಲೇ ಮಾತಾಡಿಕೊಂಡಿದ್ದರು.